ಬೈಕಿನ ಮೇಲೆ ಕುಳಿತು ಗೇಟು ತೆರೆದ ಕಥೆ

ಕಳೆದ ದೀಪಾವಳಿಗೆ ಮಟಕಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಾನು ಬೈಕಿನಿಂದ ಇಳಿಯದೆಯೇ ಹ್ಯಾಂಡಲ್ಲಿನ ಕೆಳಗಿರುವ ಚಿಕ್ಕ ಗುಂಡಿಯೊಂದನ್ನು ಒತ್ತಿ ಮನೆಯ ಗೇಟು ತೆರೆದುದನ್ನು ಕಂಡು ಬೆರಗಾದ. "ಸರ್, ಇದನ್ನ ಎಲ್ಲಿಂದ ತರಿಸೀರ್ರಿ?" ಎಂದು ಕೇಳಿದ. "ತರಿಸಿದ್ದಲ್ಲಪ್ಪ, ಮಾಡಿಸಿದ್ದು" ಎಂದೆ. ಹಾಗೆ ಮಾಡಿಸಿದ್ದರ ಹಿಂದೆ ಒಂದು ಮುರಿದ ಮುಂಗೈ, ಒಂದು ಸುಟ್ಟ ರಿಮೋಟು ಮತ್ತು ಸುಮಾರು ಮೂವತ್ತು ವರ್ಷ ಹಿಂದಿನ ನನ್ನದೊಂದು ತಪ್ಪು ಇವೆ. ಅಂದು ಅವನಿಗೆ ಮೊದಲಿನ ಎರಡನ್ನು ಮಾತ್ರ ಹೇಳಿದೆ. ಮೂರನೆಯದನ್ನು ಹೇಳಲು ನಾಲಗೆ ಏಳಲಿಲ್ಲ. ಎದುರಿಗೆ ಹೇಳಲಾಗದುದನ್ನು ಬರೆದಾದರೂ ತಿಳಿಸಬೇಕೆಂದು ಇಂದು ಕುಳಿತಿದ್ದೇನೆ.

ನಿವೃತ್ತಿಯಾದ ಮೇಲೆ ನನ್ನ ಬಲ ತೋಳು ಮೇಲಕ್ಕೇಳದಂತಾಯಿತು. ಭುಜದ ಕೀಲು ಬಿಗಿದುಕೊಂಡಿತ್ತು. ನಮ್ಮ ಮನೆಯ ಗೇಟೋ ಹಳಿಯ ಮೇಲೆ ಸರಿಯುವ ಭಾರಿ ಕಬ್ಬಿಣದ್ದು. ಟ್ರ್ಯಾಕ್ಟರು ಒಳಗೆ ಬರಲೆಂದು ಹಿಂದೆ ನಾನೇ ಮಾಡಿಸಿದ್ದೆ. ಪುಣೆಯಲ್ಲಿರುವ ಮಗ ರಜೆಗೆ ಬಂದಾಗ, ನಾನು ಎಡಗೈಯಿಂದ ಅದನ್ನು ನೂಕುವ ಪಾಡನ್ನು ನೋಡಿ, ಮುಂದಿನ ಸಲ ಬರುವಾಗ ಮೋಟಾರೊಂದನ್ನು ತಂದು ಕೂಡಿಸಿದ. ಗೇಟಿನ ಅಡಿಗೆ ಹಲ್ಲಿನ ಪಟ್ಟಿ, ಮೋಟಾರಿಗೆ ಹಲ್ಲಿನ ಗಾಲಿ, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ರಿಮೋಟು. ಓಣಿಯ ಮಕ್ಕಳು ಒಂದು ವಾರ ಗೇಟಿನ ಮುಂದೆ ಜಾತ್ರೆ ನೆರೆದಂತೆ ನೆರೆದರು.

ನಾನಾದರೋ ಈ ವಯಸ್ಸಿನಲ್ಲಿಯೂ ಬೈಕು ಬಿಟ್ಟವನಲ್ಲ. 2008ರಲ್ಲಿ ಕೊಂಡ ನೂರು ಸಿಸಿಯ ಗಾಡಿ. ಹೊಲಕ್ಕೆ, ಆಳಂದದ ಸಂತೆಗೆ, ಲಗ್ನಪತ್ರಿಕೆ ಬಂದ ಊರುಗಳಿಗೆಲ್ಲ ಅದರ ಮೇಲೆಯೇ ನನ್ನ ಸವಾರಿ. ರಿಮೋಟು ಅಂಗಿಯ ಜೇಬಿನಲ್ಲಿರುತ್ತಿತ್ತು. ಜೇಬಿನಲ್ಲಿ ಅದರೊಡನೆ ಕನ್ನಡಕ, ಮೊಬೈಲು, ಔಷಧದ ಚೀಟಿ. ಮನೆಯ ಮುಂದೆ ಬಂದು ಒಂದು ಕಾಲೂರಿ, ಒಂದು ಕೈಯಲ್ಲಿ ಬ್ರೇಕು ಹಿಡಿದು, ಇನ್ನೊಂದು ಕೈಯಿಂದ ಜೇಬು ತಡಕುವುದು ನಿತ್ಯದ ನಾಟಕ. ಗೇಟಿನ ಮುಂದೆ ಓಣಿ ತುಸು ಇಳಿಜಾರಾಗಿದೆ. ನೆಲ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವ ಆ ಮಣ್ಣು, ಎರಡು ಹನಿ ಬಿದ್ದರೆ ಬೆಣ್ಣೆಯಾಗುತ್ತದೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2022ರ ಶ್ರಾವಣದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ ನಾನೂ ನನ್ನವಳೂ ಹೊರಗಿನಿಂದ ಬಂದೆವು. ಗೇಟಿನ ಮುಂದೆ ಕಾಲೂರಿ ಜೇಬಿಗೆ ಕೈ ಹಾಕಿದೆ. ರೇನ್‌ಕೋಟಿನ ಒಳಗೆ ಅಂಗಿ, ಅಂಗಿಯೊಳಗೆ ರಿಮೋಟು. ಊರಿದ ಕಾಲು ಜಾರಿತು. ಬೈಕು ಎಡಕ್ಕೆ ವಾಲಿತು. ನಾನು ಹೇಗೋ ಹ್ಯಾಂಡಲ್ಲು ಹಿಡಿದು ನಿಂತೆ, ಆದರೆ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತಿದ್ದ ಆಕೆ ಕೈಯೂರಿ ಬಿದ್ದಳು. ಮುಂಗೈಯ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು. ಆ ಆರು ವಾರ ರೊಟ್ಟಿ ಬಡಿಯುವ ಸದ್ದು ನಮ್ಮ ಮನೆಯಲ್ಲಿ ಕೇಳಲಿಲ್ಲ. ಪಕ್ಕದ ಮನೆಯ ಅಕ್ಕನವರು ರೊಟ್ಟಿ ಕಳುಹಿಸಿದರು. ನನ್ನವಳು ಒಂದೇ ಒಂದು ಮಾತೆಂದಳು: "ಗೇಟ್ ತೆಗಿಲಾಕ ಮಷೀನ್ ತಂದ್ರಿ, ನನ್ನ ಕೈ ಕಳದ್ರಿ." ಬೈದಿದ್ದರೆ ಹಗುರವಾಗುತ್ತಿತ್ತು. ಆಕೆ ನಗುತ್ತ ಅಂದದ್ದರಿಂದ ಅದು ಇನ್ನೂ ಆಳಕ್ಕೆ ನೆಟ್ಟಿತು.

ಆಗಲೇ ನಾನು ನಿಶ್ಚಯಿಸಿದೆ: ರಿಮೋಟು ಜೇಬಿನಲ್ಲಿರಬಾರದು, ಬೈಕಿನಲ್ಲಿಯೇ ಇರಬೇಕು, ಅದರ ಗುಂಡಿ ಹೆಬ್ಬೆರಳಿಗೆ ಸಿಗುವಂತಿರಬೇಕು, ಎರಡೂ ಕೈ ಹ್ಯಾಂಡಲ್ಲಿನ ಮೇಲೆಯೇ ಇರಬೇಕು. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕ ಹುಡುಗನೊಬ್ಬ ಫೋನಿನಲ್ಲಿ, ಅಲ್ಲಿ ಹೆಡ್‌ಲೈಟನ್ನು ಬೇಗಬೇಗ ಎರಡು ಸಲ ಮಿನುಗಿಸಿದರೆ ಗ್ಯಾರೇಜಿನ ಬಾಗಿಲು ತೆರೆಯುವ ಸಾಧನವನ್ನೇ ಮಾರುತ್ತಾರೆಂದು ತಿಳಿಸಿದ. ಅದನ್ನು ತರಿಸುವೆನೆಂದೂ ಹೇಳಿದ. ನಾನು ಬೇಡವೆಂದೆ. ಮೂರು ದಶಕ ವಿದ್ಯುತ್ತಿನ ಪಾಠ ಹೇಳಿದವನು ಇಷ್ಟನ್ನು ಮಾಡಿಕೊಳ್ಳಲಾರನೇ ಎಂಬ ಅಭಿಮಾನ ಅಡ್ಡ ಬಂದಿತು.

ರಿಮೋಟನ್ನು ಬಿಚ್ಚಿ ನೋಡಿದೆ. ಒಳಗೆ ಕಿರುಬೆರಳಿನ ಒಂದು ಗೆಣ್ಣಿಗಿಂತ ತುಸು ಉದ್ದದ ಶೆಲ್ಲು, ಮೇಲೆ 12 ವೋಲ್ಟ್ ಎಂಬ ಬರಹ. ಇಂತಹ ಶೆಲ್ಲಿನೊಳಗೆ ಒಂದೂವರೆ ವೋಲ್ಟಿನ ಎಂಟು ಗುಂಡಿಶೆಲ್ಲುಗಳನ್ನು ಒಂದರ ಮೇಲೊಂದು ಅಡಕಿರುತ್ತಾರೆ, ಎಂಟೊಂದೂವರೆ ಹನ್ನೆರಡು. ಬೈಕಿನ ಬ್ಯಾಟರಿಯಲ್ಲಿ ಎರಡು ವೋಲ್ಟಿನ ಆರು ಕೋಶಗಳು, ಆರೆರಡು ಹನ್ನೆರಡು. ಹನ್ನೆರಡಕ್ಕೆ ಹನ್ನೆರಡು. ಇದಕ್ಕಿಂತ ಸುಲಭದ ಲೆಕ್ಕವಿದೆಯೇ? ಶೆಲ್ಲನ್ನು ತೆಗೆದು, ಅದರ ಜಾಗಕ್ಕೆ ಬೈಕಿನಿಂದ ಎರಡು ತಂತಿ ತಂದರೆ ಮುಗಿಯಿತು. ಶೆಲ್ಲು ಬದಲಿಸುವ ತಾಪತ್ರಯವೂ ಉಳಿಯಿತು.

ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ತಂತಿ ಬೇಕಾಗಿತ್ತು. ಹೆಡ್‌ಲೈಟಿನ ತಂತಿ ಕೆಲಸಕ್ಕೆ ಬಾರದೆಂದು ನನಗೆ ಗೊತ್ತಿತ್ತು. ನನ್ನ ಬೈಕಿನಂತಹ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿಗೆ ವಿದ್ಯುತ್ತು ಬರುವುದು ಬ್ಯಾಟರಿಯಿಂದಲ್ಲ, ನೇರವಾಗಿ ಮ್ಯಾಗ್ನೆಟ್ಟಿನಿಂದ. ಅದು ಪರ್ಯಾಯ ವಿದ್ಯುತ್ತು. ಎಕ್ಸಲರೇಟರ್ ತಿರುವಿದರೆ ಬೆಳಕು ಏರುವುದು, ಬಿಟ್ಟರೆ ಕುಗ್ಗುವುದು ಅದರ ಗುರುತು. 2017ರ ಏಪ್ರಿಲ್‌ನಿಂದ ಬಂದ ಹೊಸ ಬೈಕುಗಳಲ್ಲಿ ಎಂಜಿನ್ನು ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟು ಉರಿಯುವ ಏರ್ಪಾಡು ಕಡ್ಡಾಯವಾಗಿದೆ. ನನ್ನದು ಅದಕ್ಕೂ ಹಿಂದಿನದು. ಆದ್ದರಿಂದ ಬ್ಯಾಟರಿಯಿಂದಲೇ ನಡೆಯುವ ಹಾರ್ನಿನ ತಂತಿಯನ್ನು ಹಿಡಿದೆ. ಸೀಟಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳದೊಳಗೆ ರಿಮೋಟು ಕೂಡಿಸಿ, ಅದರ ಗುಂಡಿಗೆ ಒಂದು ಚಿಕ್ಕ ಬೆಲ್ ಸ್ವಿಚ್ಚು ಬೆಸೆದು ಹ್ಯಾಂಡಲ್ಲಿಗೆ ತಂದೆ. ಒತ್ತಿದೆ. ಗೇಟು ಸರಿಯಿತು! ಪ್ಲಾಸ್ಟರ್ ಬಿಚ್ಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನವಳು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದಳು. ನಾನು ಆ ಸಂಜೆ ಮೂರು ಸಲ ಕೆಲಸವಿಲ್ಲದೆ ಹೊರಗೆ ಹೋಗಿ ಬಂದೆ.

ಮೂರನೆಯ ದಿನ ಓಣಿಯ ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದಿತು. ಹಾರ್ನ್ ಒತ್ತಿ ಒತ್ತಿ ದಾರಿ ಮಾಡಿಕೊಂಡು ಮನೆಯ ಮುಂದೆ ಬಂದು ಗುಂಡಿ ಒತ್ತಿದರೆ ಗೇಟು ಕದಲಲಿಲ್ಲ. ರಿಮೋಟಿನ ಕೆಂಪು ದೀಪವೂ ಹೊತ್ತಲಿಲ್ಲ. ಬಿಚ್ಚಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಆಳಂದದಲ್ಲಿ ರಸ್ತೆಬದಿಗೆ ಒಂದು ಚಿಕ್ಕ ಅಂಗಡಿಯಿದೆ. ಬೈಕಿನ ವೈರಿಂಗು, ಪಂಪ್‌ಸೆಟ್ಟಿನ ಸ್ಟಾರ್ಟರು ಎರಡನ್ನೂ ರಿಪೇರಿ ಮಾಡುವ ಅಂಗಡಿ. ನಮ್ಮ ಸೀಮೆಯ ರೈತರಿಗೆ ಮೊಬೈಲ್ ಸ್ಟಾರ್ಟರು ಈಗ ಹೊಸದೇನೂ ಅಲ್ಲ. ಪಂಪಿಗೆ ತ್ರೀಫೇಸ್ ವಿದ್ಯುತ್ತು ಬರುವುದು ಪಾಳಿಯಲ್ಲಿ, ಎಷ್ಟೋ ಸಲ ಅಪರಾತ್ರಿಯಲ್ಲಿ. ಹಿಂದೆ ಕೈಯಲ್ಲಿ ಬ್ಯಾಟರಿ ಹಿಡಿದು, ಹಾವಿನ ಭಯದಲ್ಲಿ ಬದುವಿನ ಮೇಲೆ ನಡೆದು ಹೋಗಿ ಮೋಟಾರು ಚಾಲೂ ಮಾಡಬೇಕಾಗಿತ್ತು. ಈಗ ಸ್ಟಾರ್ಟರಿನ ಪಕ್ಕದ ಡಬ್ಬಿಯಲ್ಲಿ ಒಂದು ಸಿಮ್ಮು. ಮನೆಯಲ್ಲಿ ಮಲಗಿದಲ್ಲಿಂದಲೇ ಫೋನು ಮಾಡಿದರೆ ಹೊಲದಲ್ಲಿ ಮೋಟಾರು ತಿರುಗುತ್ತದೆ. ದೂರದಿಂದ ಯಂತ್ರ ನಡೆಸುವ ವಿದ್ಯೆ ನಮ್ಮ ಹಳ್ಳಿಗೆ ಬಂದುದು ಗ್ಯಾರೇಜಿನ ಬಾಗಿಲಿನಿಂದಲ್ಲ, ಬೋರ್‌ವೆಲ್ಲಿನ ದಾರಿಯಿಂದ. ಇಂತಹ ಡಬ್ಬಿಗಳನ್ನು ಕೂಡಿಸುವುದರಲ್ಲಿ ಆ ಅಂಗಡಿಯವನ ಕೈ ಪಳಗಿದ್ದು ಎಂದು ಎಲ್ಲರೂ ಹೇಳುತ್ತಿದ್ದರು.

ನಾನು ಅವನಲ್ಲಿಗೆ ಮೊದಲೇ ಹೋಗಬಹುದಾಗಿತ್ತು. ಹೋಗಲಿಲ್ಲ. ಏಕೆಂದರೆ ಅವನು ನನ್ನ ವಿದ್ಯಾರ್ಥಿ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವನು.

"ಬರ್ರಿ ಸರ್, ಕುಂದರ್ರಿ" ಎಂದು ಸ್ಟೂಲು ಒರೆಸಿ ಕೊಟ್ಟ. ಚಹಾ ಹೇಳಿದ. ನಾನು ಸುಟ್ಟ ರಿಮೋಟನ್ನು ಮುಂದಿಟ್ಟು ನನ್ನ ಹನ್ನೆರಡರ ಲೆಕ್ಕವನ್ನು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಗಾಡಿ ಚಾಲೂ ಇದ್ದಾಗ ಮೀಟರ್ ಹಚ್ಚಿ ನೋಡೀರೇನ್ರಿ ಸರ್?" ಎಂದ.

ನೋಡಿರಲಿಲ್ಲ. ಅವನು ಮೀಟರು ಹಚ್ಚಿದ. ಎಂಜಿನ್ನು ನಿಂತಿದ್ದಾಗ 12.5. ಚಾಲೂ ಮಾಡಿ ಎಕ್ಸಲರೇಟರ್ ತಿರುವಿದಾಗ 14.4. ಆಗಬೇಕಾದದ್ದೇ. ಬ್ಯಾಟರಿಗೆ ವಿದ್ಯುತ್ತು ತುಂಬಬೇಕಾದರೆ ಹೊರಗಿನ ವಿಭವ ಬ್ಯಾಟರಿಯದಕ್ಕಿಂತ ಹೆಚ್ಚಿರಲೇಬೇಕು. ಕೆಳಗಿನ ತೊಟ್ಟಿಯಿಂದ ಮೇಲಿನ ತೊಟ್ಟಿಗೆ ನೀರು ತಾನಾಗಿ ಹರಿಯುವುದೇ? ಇದನ್ನು ನಾನೇ ಎಷ್ಟೋ ತರಗತಿಗಳಿಗೆ ಹೇಳಿದ್ದೆ. ಕಪ್ಪುಹಲಗೆಯ ಮೇಲಿನ ಬ್ಯಾಟರಿಯ ಹನ್ನೆರಡು ನಿಂತ ಗಾಡಿಯ ಹನ್ನೆರಡು. ಓಡುವ ಗಾಡಿಯನ್ನು ನಾನು ಅಳೆದಿರಲೇ ಇಲ್ಲ.

"ಇಷ್ಟಕ್ಕೇ ಸುಡಲ್ರಿ" ಎಂದು ಅವನು ಮುಂದುವರಿಸಿದ. "ಹಾರ್ನಿನ ವೈರ್ ಯಾಕ ಹಿಡದ್ರಿ? ಹಾರ್ನ್ ಅಂದ್ರ ಒಳಗ ಗಂಟೀನೇ ಅಲ್ಲೇನ್ರಿ ಸರ್? ಅದು ಬಡಕೊಂಡಾಗೆಲ್ಲ ಕಿಡಿ ಹಾರತದ. ಆ ಕಿಡಿ ಏಟು ನಿಮ್ಮ ರಿಮೋಟಿಗೆ ಬಿದ್ದದ."

ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

ವಿಷಯವನ್ನು ತಿಳಿಯದವರಿಗಾಗಿ ಇಲ್ಲಿ ನಾಲ್ಕು ಮಾತು. ಹಾರ್ನಿನೊಳಗೆ ತಂತಿಯ ಸುರುಳಿಯೊಂದಿದೆ. ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಒಂದು ತಗಡನ್ನು ಎಳೆಯುತ್ತದೆ. ಎಳೆದ ಕೂಡಲೇ ಒಂದು ಸಂಪರ್ಕ ಕಡಿದು ವಿದ್ಯುತ್ತು ನಿಲ್ಲುತ್ತದೆ. ತಗಡು ಹಿಂದಕ್ಕೆ ಬರುತ್ತದೆ, ಸಂಪರ್ಕ ಕೂಡುತ್ತದೆ, ಮತ್ತೆ ಎಳೆತ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಕುಣಿತವೇ ನಮಗೆ ಕೇಳುವ ಸದ್ದು. ಶಾಲೆಯ ವಿದ್ಯುತ್ ಗಂಟೆಯ ತತ್ತ್ವವೂ ಇದೇ. ಆದರೆ ಸುರುಳಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ಒಮ್ಮೆಲೇ ಕಡಿದರೆ, ಅದರ ಕಾಂತಕ್ಷೇತ್ರ ಕುಸಿಯುವಾಗ ಸುರುಳಿ ತನ್ನಲ್ಲಿಯೇ ಹೊಸ ವಿಭವವನ್ನು ಹುಟ್ಟಿಸಿಕೊಳ್ಳುತ್ತದೆ. ಅದು ಬ್ಯಾಟರಿಯ ಹನ್ನೆರಡಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಲ್ಲದು; ಸಂಪರ್ಕದ ತುದಿಯಲ್ಲಿ ಗಾಳಿಯನ್ನೇ ದಾಟಿ ಕಿಡಿಯಾಗಿ ಹಾರುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ಒಂದು ರೂಪವಿದು. ಬೈಕಿನ ಪ್ಲಗ್ಗಿನಲ್ಲಿ ಪೆಟ್ರೋಲಿಗೆ ಬೆಂಕಿ ಹಚ್ಚುವ ಸಾವಿರಾರು ವೋಲ್ಟಿನ ಕಿಡಿಗೂ ಇದೇ ಪ್ರೇರಣೆಯೇ ಮೂಲ. ಬೈಕನ್ನು ಓಡಿಸುವ ಗುಣವೇ ನನ್ನ ರಿಮೋಟನ್ನು ಕೊಂದಿತ್ತು.

ಇದೆಲ್ಲ ನನಗೆ ಹೊಸದಲ್ಲ. ನಾನು ಲೋಟ ಕೆಳಗಿಟ್ಟದ್ದು ಬೇರೆ ಕಾರಣಕ್ಕೆ. 1994ರಲ್ಲಿ, ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ವಿದ್ಯುತ್ ಗಂಟೆಯನ್ನು ಮೇಜಿನ ಮೇಲಿಟ್ಟು ತೋರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸರ್, ಆ ತುದಿಗೆ ಕಿಡಿ ಯಾಕ ಹಾರತದ್ರಿ?" ಎಂದು ಕೇಳಿದ್ದ. ಅಂದು ಪಾಠ ಮುಗಿಸುವ ಅವಸರವಿತ್ತು. ಆ ಹುಡುಗ ಹಿಂದಿನ ವಾರವಷ್ಟೇ ಪ್ರಯೋಗಾಲಯದ ಒಂದು ಮೀಟರನ್ನು ಬಿಚ್ಚಿ ಕೆಡಿಸಿ ಬೈಸಿಕೊಂಡಿದ್ದ. ಇದೂ ಕಿಡಿಗೇಡಿತನವೇ ಎಂದು ತಿಳಿದೆ. "ಅದು ಪುಸ್ತಕದಲ್ಲಿಲ್ಲ, ಕೂಡು" ಎಂದೆ. ಅವನು ಕುಳಿತ. ಮತ್ತೆ ಏಳಲಿಲ್ಲ. ಆ ವರ್ಷ ವಿಜ್ಞಾನದಲ್ಲಿ ಅನುತ್ತೀರ್ಣನಾದ. ಅವನ ತಂದೆ ಶಾಲೆಗೆ ಬಂದು ಕೈಮುಗಿದು ಕೇಳಿದಾಗ ನಾನು, "ಇವನ ತಲೆಗೆ ವಿಜ್ಞಾನ ಹತ್ತೋದಿಲ್ಲ, ಯಾವುದಾದರೂ ಕೆಲಸಕ್ಕೆ ಹಚ್ಚಿ" ಎಂದು ಹೇಳಿ ಕಳುಹಿಸಿದೆ. ತಂದೆ ಹಾಗೆಯೇ ಮಾಡಿದರು.

ಆ ಹುಡುಗನೇ ಈಗ ನನ್ನೆದುರು ನಲವತ್ತು ದಾಟಿದ ಗಂಡಸಾಗಿ ಕುಳಿತು, ಅಂದು ನಾನು ಉತ್ತರಿಸದ ಪ್ರಶ್ನೆಗೆ ನನಗೇ ಉತ್ತರ ಹೇಳುತ್ತಿದ್ದ. ಅವನಿಗೆ ಅದು ನೆನಪಿರಬಹುದೇ? ಕೇಳಲೋ ಬೇಡವೋ ಎಂದು ಹೊಯ್ದಾಡಿ ಕೊನೆಗೆ ಕೇಳಿದೆ: "ತಮ್ಮಾ, ನೀನು ಒಮ್ಮೆ ತರಗತಿಯಲ್ಲಿ ಗಂಟೆಯ ಕಿಡಿಯ ಬಗ್ಗೆ ಕೇಳಿದ್ದೆ, ನೆನಪಿದೆಯೇನು?"

ಅವನು ಸೋಲ್ಡರಿಂಗ್ ಕಡ್ಡಿಯನ್ನು ಬಿಸಿಗಿಡುತ್ತಿದ್ದ. ತಲೆಯೆತ್ತಲಿಲ್ಲ. "ಅದು ನೆನಪಿಲ್ರಿ ಸರ್" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನ ಮುಂದ ನೀವು ಅಂದಿದ್ದು ನೆನಪದ" ಎಂದ.

ಅದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಯಾರದೋ ಹೊಲದ ಸಂಗತಿ ಹೇಳಿದಂತೆ ಹೇಳಿದ. ನಾನು, "ಅಂದು ನನ್ನಿಂದ ತಪ್ಪಾಯಿತಪ್ಪ" ಎಂದೆ. ಇಷ್ಟು ವರ್ಷ ಪಾಠ ಹೇಳಿದ ಬಾಯಿಗೆ ಆ ನಾಲ್ಕು ಶಬ್ದ ಕೂಡಿಸುವುದು ಎಷ್ಟು ಕಷ್ಟವಾಯಿತೆಂದು ಬರೆಯಲಾರೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಈ ವೈರ್ ಜರಾ ಹಿಡೀರಿ ಸರ್, ಅಳ್ಳಾಡಿಸಬ್ಯಾಡ್ರಿ" ಎಂದ. ನಾನು ತಂತಿ ಹಿಡಿದೆ. ಕೆಲಸ ಸಾಗಿತು.

ಅವನು ಮಾಡಿದ ಉಪಾಯವನ್ನು ವಿವರವಾಗಿ ಬರೆಯುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತು. ಬೈಕಿನ ವಿದ್ಯುತ್ತನ್ನು ರಿಮೋಟಿಗೆ ಕೊಡಲೇ ಇಲ್ಲ. ನಾನು ತಂದಿದ್ದ ಎರಡನೆಯ ರಿಮೋಟಿನೊಳಗೆ ಅದರ ಶೆಲ್ಲು ಹಾಗೆಯೇ ಉಳಿಯಿತು. "ರಿಮೋಟಿನ ಊಟ ರಿಮೋಟಿಗಿರ್ಲಿ, ಗಾಡಿ ಊಟ ಗಾಡಿಗಿರ್ಲಿ. ನಡಕ ಸುದ್ದಿ ಮುಟ್ಟಿಸಾವ ಒಬ್ಬ ಇದ್ರ ಸಾಕ್ರಿ" ಎಂದ. ಸುದ್ದಿ ಮುಟ್ಟಿಸುವವನೆಂದರೆ ರಿಲೇ. ಸಕ್ಕರೆಯ ಅಚ್ಚಿನಷ್ಟು ಗಾತ್ರದ್ದು, ಹನ್ನೆರಡು ವೋಲ್ಟಿನದು. ಅದರ ಒಳಗಿನ ಸುರುಳಿಗೆ ಬೈಕಿನ ವಿದ್ಯುತ್ತು ಬಂದಾಗ ಅದು ಒಂದು ಚಿಕ್ಕ ಪತ್ತಿಯನ್ನು ಎಳೆದು ಎರಡು ಬೇರೆ ಮೊನೆಗಳನ್ನು ಕೂಡಿಸುತ್ತದೆ. ಆ ಎರಡು ಮೊನೆಗಳಿಂದ ಎರಡು ತಂತಿ ರಿಮೋಟಿನ ಗುಂಡಿಯ ಕಾಲುಗಳಿಗೆ ಹೋಗುತ್ತವೆ. ಬೆರಳು ಮಾಡುವ ಕೆಲಸವನ್ನು ಪತ್ತಿ ಮಾಡುತ್ತದೆ. ಬೈಕಿನ ವಿದ್ಯುತ್ತೂ ರಿಮೋಟಿನ ವಿದ್ಯುತ್ತೂ ಎಲ್ಲಿಯೂ ಒಂದನ್ನೊಂದು ಮುಟ್ಟುವುದಿಲ್ಲ.

ರಿಮೋಟಿನ ಗುಂಡಿಗೆ ನಾಲ್ಕು ಕಾಲುಗಳಿರುತ್ತವೆ, ಆದರೆ ಅವು ಒಳಗೆ ಎರಡೆರಡಾಗಿ ಕೂಡಿರುತ್ತವೆ. ತಪ್ಪು ಜೋಡಿಗೆ ಬೆಸೆದರೆ ಗುಂಡಿ ಸದಾ ಒತ್ತಿದಂತೆಯೇ ಇರುತ್ತದೆ. ಮೀಟರಿನ ಸದ್ದಿನಿಂದ ಅವನು ಸರಿಯಾದ ಎರಡನ್ನು ಹುಡುಕಿದ. ಮೂಲೆಯಿಂದ ಮೂಲೆಗೆ ಹಿಡಿದರೆ ತಪ್ಪುವುದಿಲ್ಲವೆಂದ. ರಿಲೇಯೂ ಒಂದು ಸುರುಳಿಯೇ ಆದ್ದರಿಂದ, ಅದನ್ನು ಬಿಟ್ಟಾಗ ಹುಟ್ಟುವ ಏಟು ತಿರುಗಿ ಬೈಕಿನ ತಂತಿಗೆ ಬೀಳದಂತೆ, ಸುರುಳಿಯ ಎರಡು ತುದಿಗೆ ಅಡ್ಡಲಾಗಿ ಒಂದು ಡಯೋಡನ್ನು ಉಲ್ಟಾ ಬೆಸೆದ. ಅದರ ಬೆಳ್ಳಿಗೆರೆ ಧನದ ಕಡೆಗೆ. ಕೀಲಿಯ ನಂತರದ ತಂತಿಯಿಂದ, ಒಂದು ಆಂಪಿಯರಿನ ಬೇರೆಯದೇ ಫ್ಯೂಜಿನ ಮೂಲಕ ವಿದ್ಯುತ್ತು ತಂದ. ಇಲ್ಲಿ ಏನು ಕೆಟ್ಟರೂ ಗಾಡಿ ನಡುದಾರಿಯಲ್ಲಿ ನಿಲ್ಲಬಾರದು.

ಇನ್ನು ಕೂಡಿಸುವ ಜಾಗ. ಮೊದಲು ನಾನು ಸೂಚಿಸಿದ ತಗಡಿನ ಟೂಲ್‌ಬಾಕ್ಸಿನಲ್ಲಿಟ್ಟು ನೋಡಿದೆವು. ಅಂಗಡಿಗೆ ಅವನು ತಂದಿಟ್ಟಿದ್ದ ಪರೀಕ್ಷೆಯ ರಿಸೀವರು ನಾಲ್ಕು ಹೆಜ್ಜೆಯಾಚೆ ಕಿವುಡಾಯಿತು. ಲೋಹದ ಡಬ್ಬಿ ರೇಡಿಯೊ ಅಲೆಗಳನ್ನು ತಡೆಯುತ್ತದೆಂಬುದನ್ನೂ ನಾನು ಪಾಠ ಹೇಳಿದ್ದೆನಲ್ಲವೇ! ಹೆಡ್‌ಲೈಟಿನ ಮೇಲಿನ ಪ್ಲಾಸ್ಟಿಕ್ ಮುಖವಾಡದ ಹಿಂದೆ ಇಟ್ಟಾಗ ಮೂವತ್ತು ಹೆಜ್ಜೆಯವರೆಗೂ ಕೇಳಿಸಿತು. ಎಂಜಿನ್ನಿನ ಕಾವಿನಿಂದಲೂ ಅದು ದೂರ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇದೂ ಮುಖ್ಯ. ಮಳೆನೀರು ಇಳಿಯದಂತೆ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ ರಿಮೋಟಿಗೂ ರಿಲೇಗೂ ಅಂಗಿ ತೊಡಿಸಿದ. ಕೊನೆಯಲ್ಲಿ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ತಂತಿ ಎಲ್ಲಿಯೂ ಬಿಗಿಯಾಗದಂತೆ ಸಡಿಲು ಬಿಟ್ಟು ಕಟ್ಟಿದ. "ಇಂದ ನಡೀತದ್ರಿ, ಆರ್ ತಿಂಗಳಿಗಿ ಕುತ್ತಿಗಿ ಹತ್ರ ಕಡೀತದ. ಎಲ್ಲಾರ ಕೆಲಸ ಅಲ್ಲೇ ಕೆಡೋದು" ಎಂದ. ಈ ಒಂದು ಮಾತು ಯಾವ ಪಠ್ಯಪುಸ್ತಕದಲ್ಲಿಯೂ ಇರಲಾರದು.

ತಂತಿಯಿಲ್ಲದೆ ಗಂಟೆ ಬಾರಿಸಿದ ಮೊದಲಿಗರಲ್ಲಿ ನಮ್ಮ ಜಗದೀಶಚಂದ್ರ ಬೋಸರೂ ಒಬ್ಬರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕಲ್ಕತ್ತಾದ ಸಭೆಯೊಂದರಲ್ಲಿ, ಗೋಡೆಗಳಾಚೆಗೆ ಅಲೆಗಳನ್ನು ಕಳುಹಿಸಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ಆ ಅಲೆಗಳನ್ನು ಹುಟ್ಟಿಸಿದ್ದು ಕೂಡ ವಿದ್ಯುತ್ ಕಿಡಿಯೇ. ಅವರಿಗಿಂತ ಮೊದಲು, 1880ರ ದಶಕದಲ್ಲಿ, ಜರ್ಮನಿಯ ಹೈನ್ರಿಕ್ ಹರ್ಟ್ಸ್ ಅಂತಹ ಅಲೆಗಳಿವೆಯೆಂದು ತೋರಿಸಿದ್ದೂ ಕಿಡಿಯ ಮೂಲಕವೇ. ಎಂದರೆ ಹಿಂದಿನ ಬೆಂಚಿನ ಆ ಪ್ರಶ್ನೆಯನ್ನು ಹಿಡಿದು ಹೊರಟಿದ್ದರೆ ನಾನು ಇಡೀ ತರಗತಿಯನ್ನು ರೇಡಿಯೊದವರೆಗೂ ಕರೆದೊಯ್ಯಬಹುದಾಗಿತ್ತು. ಪುಸ್ತಕದಲ್ಲಿಲ್ಲವೆಂದು ಕೂಡಿಸಿಬಿಟ್ಟೆ.

ಕೆಲಸ ಮುಗಿದ ಮೇಲೆ ಅವನು ಸಾಮಾನಿನ ಬೆಲೆ, ಕೂಲಿ ಎರಡನ್ನೂ ಹೇಳಿದ. "ಸರ್, ನಿಮ್ಮತ್ರ ಏನ್ ತಗೊಳ್ಳೋದ್ರಿ" ಎಂದು ಅವನು ಅನ್ನಲಿಲ್ಲ. ಎಲ್ಲ ಗಿರಾಕಿಗಳಿಗೆ ಹೇಳುವಂತೆ ಹೇಳಿ, ನೋಟು ತೆಗೆದುಕೊಂಡು, ಚಿಲ್ಲರೆ ಎಣಿಸಿ ಕೊಟ್ಟ. ನನಗೆ ಅದರಿಂದ ನಿಜವಾಗಿಯೂ ಸಮಾಧಾನವಾಯಿತು. ಪುಕ್ಕಟೆ ಮಾಡಿಕೊಟ್ಟಿದ್ದರೆ ನಾನು ಗುರುವಾಗಿ ಅಂಗಡಿಯಿಂದ ಇಳಿಯುತ್ತಿದ್ದೆ. ಈಗ ಕೆಲಸ ಬಲ್ಲವನೊಬ್ಬನ ಗಿರಾಕಿಯಾಗಿ ಇಳಿದೆ.

ಹೊರಡುವಾಗ ಅವನೇ ಒಂದು ಎಚ್ಚರಿಕೆ ಕೊಟ್ಟ. "ಸರ್, ಇನ್ನ ಗಾಡಿ ಕೀಲಿ ಅಂದ್ರ ಮನಿ ಕೀಲಿ. ಊರಾಗ ಯಾರರ ಗಾಡಿ ಕೇಳ್ತಾರ. ಸೀಟಿನ ಬುಡಕ ಒಂದ್ ಸ್ವಿಚ್ ಇಟ್ಟೀನ್ರಿ. ಕೊಡಾಕ ಮುಂಚೆ ಬಂದ್ ಮಾಡ್ರಿ." ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಓಣಿಯಲ್ಲಿ ಬೈಕು ಕೇಳಿದರೆ ಇಲ್ಲವೆನ್ನುವ ರೂಢಿಯಿಲ್ಲ. ದವಾಖಾನೆಗೆ, ಬಸ್ಸಿಗೆ, ತೊಗರಿಯ ಚೀಲದ ಲೆಕ್ಕಕ್ಕೆ ಯಾರಾದರೂ ಒಬ್ಬರು ಒಯ್ಯುತ್ತಲೇ ಇರುತ್ತಾರೆ. ಗಾಡಿ ಕಳುವಾದರೆ ಗೇಟಿನ ರಿಸೀವರಿನ ನೆನಪಿನಿಂದ ಆ ರಿಮೋಟನ್ನು ಅಳಿಸುವುದು ಹೇಗೆಂದೂ ಅವನು ಕಲಿಸಿಕೊಟ್ಟ. ಇಂತಹ ಸಾಧನ ಕೂಡಿಸುವವರೆಲ್ಲ ಮೊದಲು ಕಲಿಯಬೇಕಾದದ್ದು ಇದು.

ಒಂದು ವರ್ಷ ನಾನು ನಿಷ್ಠೆಯಿಂದ ಸೀಟಿನ ಕೆಳಗಿನ ಸ್ವಿಚ್ಚನ್ನು ಪಾಲಿಸಿದೆ. ಸಂತೆಯಲ್ಲಿ ಗಾಡಿ ನಿಲ್ಲಿಸುವಾಗ ಇಂದಿಗೂ ಬಂದ್ ಮಾಡುತ್ತೇನೆ. ಆದರೆ ಕಳೆದ ಬೇಸಿಗೆಯ ಒಂದು ನಡುರಾತ್ರಿ ಪಕ್ಕದ ಮನೆಯ ಹುಡುಗ ಬಾಗಿಲು ಬಡಿದ. ಅವನ ತಾಯಿಗೆ, ನಮಗೆ ಆರು ವಾರ ರೊಟ್ಟಿ ಕಳುಹಿಸಿದ ಅದೇ ಅಕ್ಕನವರಿಗೆ, ಎದೆನೋವು. ಅವರನ್ನು ಕರೆದೊಯ್ಯಲು ಊರ ತುದಿಯಿಂದ ಜೀಪು ತರಬೇಕಾಗಿತ್ತು. ಕೀಲಿ ಕೊಟ್ಟೆ. ಸ್ವಿಚ್ಚಿನ ನೆನಪು ಯಾರಿಗೆ?

ಬೆಳಿಗ್ಗೆ ಎದ್ದು ನೋಡಿದರೆ ಬೈಕು ನಮ್ಮ ಅಂಗಳದಲ್ಲಿ, ತನ್ನ ಜಾಗದಲ್ಲಿಯೇ ನಿಂತಿತ್ತು. ಗೇಟು ಮುಚ್ಚಿತ್ತು. ಕೀಲಿ ಕಿಟಕಿಯ ಕಟ್ಟೆಯ ಮೇಲಿತ್ತು. ಅಕ್ಕನವರು ಎರಡು ದಿನಕ್ಕೆ ಆರಾಮಾಗಿ ಮನೆಗೆ ಬಂದ ಮೇಲೆ ಹುಡುಗನನ್ನು ಕೇಳಿದೆ: "ಅಂದು ಗೇಟು ಹೇಗೆ ತೆಗೆದೆಯೋ?" ಅವನು ನಕ್ಕು, "ಹ್ಯಾಂಡಲ್ ಬುಡಕ ಗುಂಡಿ ಅದ ಅಲ್ರಿ ಸರ್, ನಿಮ್ಮನ್ನ ಯಾಕ ಎಬ್ಬಿಸಬೇಕಂತ ನಾನೇ ಒತ್ತಿ ಒಳಗ ಹಚ್ಚಿ, ಮತ್ತೊಮ್ಮೆ ಒತ್ತಿ ಗೇಟ್ ಮುಚ್ಚಕೋತ ಹೊಂಟೆ" ಎಂದ. ನಾನು ಗುಟ್ಟೆಂದುಕೊಂಡದ್ದು ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷ ಯಾರೂ ಒತ್ತಿರಲಿಲ್ಲ. ನನ್ನವಳಿಗೆ ಹೇಳಿದಾಗ, "ನಿಮಗೊಬ್ಬರಿಗೇ ಗೊತ್ತಿರಲಿಲ್ಲ" ಎಂದಳು.

ಈಗ ಗೇಟಿನ ಮುಂದೆ ಬಂದು ಗುಂಡಿ ಒತ್ತಿದಾಗ ಹೆಡ್‌ಲೈಟಿನ ಹಿಂದಿನಿಂದ ರಿಲೇಯ ಸಣ್ಣ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಹಿಂದೆ ಕುಳಿತವಳು ಈಗಲೂ ಅಭ್ಯಾಸಬಲದಿಂದ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯುತ್ತಾಳೆ. ಮಳೆಗಾಲದಲ್ಲಿ ಆಕೆಯ ಮುಂಗೈ ಇನ್ನೂ ನೋಯುತ್ತದೆ. ವಿದ್ಯುತ್ತು ಹೋದ ದಿನ ಮಾತ್ರ ಈ ವಿದ್ಯೆಯೆಲ್ಲ ನಿಷ್ಪ್ರಯೋಜಕ. ಮೋಟಾರಿನ ಹಲ್ಲು ಬಿಡಿಸುವ ಕೀಲಿಯನ್ನು ಹಾಕಿ ಎಡಗೈಯಿಂದ ನೂಕಬೇಕು. ಅದಕ್ಕಾಗಿ ಆ ಕೀಲಿಯ ಒಂದು ಪ್ರತಿಯನ್ನು ಅಕ್ಕನವರ ಮನೆಯಲ್ಲಿಟ್ಟಿದ್ದೇನೆ.

ನನ್ನ ವಿದ್ಯಾರ್ಥಿಗಳಲ್ಲಿ ಇಂದು ಹಲವರು ಶಿಕ್ಷಕರಾಗಿದ್ದೀರಿ. ನಿಮಗೆ ಬುದ್ಧಿ ಹೇಳುವ ಅಧಿಕಾರ ಈ ಬರಹವಾದ ಮೇಲೆ ನನಗೆ ಉಳಿದಿಲ್ಲವೆಂದು ಬಲ್ಲೆ. ಆದರೂ ಒಂದು ಮಾತು: ನಿಂತ ಗಾಡಿಗೆ ಮೀಟರು ಹಚ್ಚಿ ಓಡುವ ಗಾಡಿಯ ಲೆಕ್ಕ ಬರೆಯಬೇಡಿರಿ. ಇನ್ನು, ನಿಮ್ಮಲ್ಲಿ ಯಾರಾದರೂ ಎಂದಾದರೂ ಎದ್ದು ನಿಂತು ನನ್ನನ್ನು ಪ್ರಶ್ನೆ ಕೇಳಿ, "ಪುಸ್ತಕದಲ್ಲಿಲ್ಲ, ಕೂಡು" ಎನಿಸಿಕೊಂಡು ಕುಳಿತಿದ್ದರೆ, ಆ ಪ್ರಶ್ನೆಯನ್ನು ಈಗ ಬರೆದು ಕಳುಹಿಸಿರಿ. ನನಗೆ ಈಗ ಸಮಯವಿದೆ. ಉತ್ತರ ಗೊತ್ತಿದ್ದರೆ ಬರೆಯುತ್ತೇನೆ. ಗೊತ್ತಿಲ್ಲದಿದ್ದರೆ ಆಳಂದದ ಆ ಅಂಗಡಿಗೆ ಹೋಗಿ ಕೇಳಿಕೊಂಡು ಬಂದು ಬರೆಯುತ್ತೇನೆ.